ಬ್ರಿಟನ್ನಿನಲ್ಲಿ ಸಿಗರೇಟಿನಿಂದ ವೇಪ್‌ಗೆ: ಜೇಬು ಉಳಿಸಿಕೊಂಡು ಬದಲಾಗುವ ದಾರಿ

ಬೆಂಗಳೂರಿನಲ್ಲಿದ್ದಾಗ ನಾನು ಸಿಗರೇಟನ್ನು ಬಿಡಿಯಾಗಿ ಕೊಳ್ಳುತ್ತಿದ್ದೆ. ಟೀ ಜೊತೆ ಒಂದು, ಊಟವಾದ ಮೇಲೆ ಒಂದು. ಲೆಸ್ಟರ್‌ಗೆ ಬಂದ ಮೇಲೆ ಇಲ್ಲಿ ಬಿಡಿ ಸಿಗರೇಟು ಸಿಗುವುದಿಲ್ಲ ಎಂದು ಗೊತ್ತಾಯಿತು. 2017ರ ಮೇ ತಿಂಗಳಿನಿಂದ ಬ್ರಿಟನ್ನಿನಲ್ಲಿ 20ಕ್ಕಿಂತ ಕಡಿಮೆ ಇರುವ ಪ್ಯಾಕ್ ಮಾರುವ ಹಾಗಿಲ್ಲ. ಇಡೀ ಪ್ಯಾಕ್ ಮನೆಯಲ್ಲಿದ್ದರೆ ಕೈ ಸುಮ್ನೆ ಇರುತ್ತದೆಯೇ? ದಿನಕ್ಕೆ ಐದಾರು ಇದ್ದದ್ದು ಹದಿನೈದಾಯಿತು. ಒಂದು ಪ್ಯಾಕ್‌ಗೆ 15 ಪೌಂಡ್ ಎಂದು ಹಿಡಿದರೂ ತಿಂಗಳಿಗೆ ಹತ್ತಿರ ಹತ್ತಿರ 340 ಪೌಂಡ್. ಮಗುವಿನ ನರ್ಸರಿ ಫೀಸು ಕಟ್ಟುವ ದಿನ ಬ್ಯಾಂಕಿನ ಲೆಕ್ಕ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಈಗ ನಾನು ಸಿಗರೇಟು ಸೇದುವುದಿಲ್ಲ. ವೇಪ್, ಅಂದರೆ ಇ-ಸಿಗರೇಟ್, ಹಿಡಿದು ಹೊರಗೆ ಬಂದೆ. ಆ ದಾರಿಯಲ್ಲಿ ಸುಮಾರು ದುಡ್ಡು ದಂಡವಾಯಿತು, ಅದರಲ್ಲಿ ಬಹುಪಾಲು ಬೇಕಾಗಿಯೇ ಇರಲಿಲ್ಲ. ಇಲ್ಲಿರುವ ನಮ್ಮವರು ಅದೇ ತಪ್ಪು ಮಾಡಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಎರಡು ಮಾತು. ಇದು ಈಗಾಗಲೇ ಸಿಗರೇಟು ಸೇದುತ್ತಿರುವ ದೊಡ್ಡವರಿಗೆ ಮಾತ್ರ. ಸೇದದವರು ವೇಪ್ ಶುರು ಮಾಡುವುದಕ್ಕೆ ಒಂದೇ ಒಂದು ಕಾರಣವೂ ಇಲ್ಲ. ನಿಕೋಟಿನ್ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಇಲ್ಲಿ 18 ವರ್ಷ ಆಗದವರಿಗೆ ಮಾರುವುದೂ ಅಪರಾಧ.

ಎರಡನೆಯದು, ಇದು ಬ್ರಿಟನ್ನಿನಲ್ಲಿ ಇರುವವರಿಗೆ. ಊರಿನಲ್ಲಿರುವ ತಮ್ಮನಿಗೋ ಗೆಳೆಯನಿಗೋ ಇದನ್ನು ಕಳಿಸಿ "ನೀನೂ ಮಾಡು" ಎನ್ನಬೇಡಿ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರಲ್ಲಿ ಇಡೀ ಭಾರತಕ್ಕೆ ಕಾನೂನು ಬಂತು. ಅಲ್ಲಿ ತಯಾರಿಸುವುದು, ಮಾರುವುದು, ಹೊರಗಿನಿಂದ ತರುವುದು, ಸಾಗಿಸುವುದು ಎಲ್ಲವೂ ಅಪರಾಧ. ಮೊದಲ ಸಲವೇ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಊರಿನಲ್ಲಿ ಇರುವವರು ಬಿಡಬೇಕು ಎಂದುಕೊಂಡರೆ 1800-11-2356ಕ್ಕೆ ಕರೆ ಮಾಡಲಿ. ಅದು ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಿಂದಲೂ ಅದು ನಡೆಯುತ್ತದೆ.

ವೇಪ್ ಪೂರ್ತಿ ನಿರಪಾಯಕಾರಿಯೇ? ಅಲ್ಲ. ಆದರೆ ಸಿಗರೇಟಿನಲ್ಲಿ ಕೊಲ್ಲುವುದು ಮುಖ್ಯವಾಗಿ ಹೊಗೆ. ತಂಬಾಕು ಉರಿದಾಗ ಟಾರ್ ಬರುತ್ತದೆ, ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ವೇಪ್‌ನಲ್ಲಿ ಏನೂ ಉರಿಯುವುದಿಲ್ಲ, ನಿಕೋಟಿನ್ ಬೆರೆಸಿದ ದ್ರವ (ಇದನ್ನೇ ಲಿಕ್ವಿಡ್ ಎನ್ನುತ್ತಾರೆ) ಬಿಸಿಯಾಗಿ ಆವಿಯಾಗುತ್ತದೆ ಅಷ್ಟೇ. 2015ರಲ್ಲಿ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆ ಇದರ ಹಾನಿ ಸಿಗರೇಟಿಗಿಂತ ಸುಮಾರು ಶೇ. 95ರಷ್ಟು ಕಡಿಮೆ ಎಂದು ಅಂದಾಜು ಮಾಡಿತು. ಬಹಳ ವರ್ಷ ಎಳೆದರೆ ಏನಾಗುತ್ತದೆ ಎಂದು ಹೇಳುವಷ್ಟು ಕಾಲ ಇನ್ನೂ ಕಳೆದಿಲ್ಲ. ಹಾಗಾಗಿ ನಾನು ಇದನ್ನು ಸಿಗರೇಟಿನಿಂದ ದಾಟಿ ಬರುವ ಸೇತುವೆ ಎಂದು ನೋಡುತ್ತೇನೆ.

ಹೆಜ್ಜೆ 1: ಅಂಗಡಿಗೆ ಹೋಗುವ ಮೊದಲು ಫೋನ್ ಮಾಡಿ

ಹೆಚ್ಚಿನವರು ಈ ಹೆಜ್ಜೆಯನ್ನೇ ಬಿಟ್ಟುಬಿಡುತ್ತಾರೆ. ನಾನೂ ಬಿಟ್ಟಿದ್ದೆ. ಇಲ್ಲಿನ ಸ್ಥಳೀಯ ಕೌನ್ಸಿಲ್‌ಗಳ ಕಡೆಯಿಂದ ಸಿಗರೇಟು ಬಿಡಿಸುವ ಉಚಿತ ಸೇವೆ ಇರುತ್ತದೆ. ನಿಮ್ಮ ಜಿಪಿಯನ್ನು (ಇಲ್ಲಿನ ಕುಟುಂಬ ವೈದ್ಯರು) ಕೇಳಿದರೆ ನಂಬರ್ ಕೊಡುತ್ತಾರೆ. 2023ರಲ್ಲಿ ಬ್ರಿಟನ್ ಸರ್ಕಾರ ಇಂಗ್ಲೆಂಡಿಗಾಗಿ 'ಸ್ವಾಪ್ ಟು ಸ್ಟಾಪ್' ಎಂಬ ಯೋಜನೆ ಘೋಷಿಸಿತು. ಹತ್ತು ಲಕ್ಷ ಸೇದುಗರಿಗೆ ಉಚಿತ ವೇಪ್ ಕಿಟ್ ಕೊಡುವುದು ಅದರ ಉದ್ದೇಶ. ನಿಮ್ಮ ಊರಿನಲ್ಲಿ ಈಗ ಕಿಟ್ ಕೊಡುತ್ತಿದ್ದಾರಾ ಎಂದು ಕೇಳಿ. ಸಿಕ್ಕರೆ ಮೊದಲ ಖರ್ಚೇ ಉಳಿಯಿತು.

ಕಿಟ್ ಸಿಗದಿದ್ದರೂ ಹೋಗಿ. ಅಲ್ಲಿ ಒಂದು ಚಿಕ್ಕ ಯಂತ್ರಕ್ಕೆ ಊದಿಸುತ್ತಾರೆ. ನಿಮ್ಮ ಉಸಿರಿನಲ್ಲಿ ಎಷ್ಟು ಕಾರ್ಬನ್ ಮಾನಾಕ್ಸೈಡ್ ಇದೆ ಎಂದು ಅದು ತೋರಿಸುತ್ತದೆ. ನನ್ನದು ಮೊದಲ ದಿನ 19 ಇತ್ತು. ಸಿಗರೇಟು ಪೂರ್ತಿ ನಿಲ್ಲಿಸಿ ಒಂದು ವಾರಕ್ಕೆ ಹೋದಾಗ 2. 2 ಎಂಬ ಆ ಅಂಕಿ ನೋಡಿದಾಗ ಆದ ಸಮಾಧಾನ ದೊಡ್ಡದು. ಒಳಗೆ ಏನೋ ಸರಿಯಾಗುತ್ತಿದೆ ಎಂದು ಕಣ್ಣಿಗೆ ಕಂಡರೆ ಬಲ ಬರುತ್ತದೆ.

ಗರ್ಭಿಣಿಯರು ತಮ್ಮ ಮಿಡ್‌ವೈಫ್ ಹತ್ತಿರ ಮಾತಾಡಿಯೇ ಮುಂದುವರಿಯಲಿ. ಕ್ಲೋಜಪೀನ್, ಒಲಾಂಜಪೀನ್, ಥಿಯೋಫಿಲಿನ್, ವಾರ್ಫರಿನ್ ಇಂಥ ಔಷಧಿ ತೆಗೆದುಕೊಳ್ಳುವವರು ಸಿಗರೇಟು ನಿಲ್ಲಿಸುವ ಮೊದಲು ಜಿಪಿಗೆ ಹೇಳಲೇಬೇಕು. ಸಿಗರೇಟಿನ ಹೊಗೆ ಇವುಗಳಲ್ಲಿ ಕೆಲವನ್ನು ದೇಹದಿಂದ ಬೇಗ ಹೊರಹಾಕುತ್ತದೆ. ಹೊಗೆ ನಿಂತರೆ ಅದೇ ಡೋಸು ಜಾಸ್ತಿಯಾಗಿಬಿಡಬಹುದು.

ಕಾಫಿಯ ಕತೆಯೂ ಇದೇ. ಸೇದುವವರ ದೇಹ ಕೆಫೀನನ್ನು ಬೇಗ ಕರಗಿಸುತ್ತದೆ. ಸಿಗರೇಟು ಬಿಟ್ಟ ಮೇಲೆ ಅದೇ ಎರಡು ಲೋಟ ಫಿಲ್ಟರ್ ಕಾಫಿ ಹೆಚ್ಚು ಹೊತ್ತು ಒಳಗೆ ಉಳಿಯುತ್ತದೆ. ಎದೆ ಡವಡವ, ನಿದ್ದೆ ಇಲ್ಲ, ಸಿಡಿಮಿಡಿ. ನಾವು ಅದನ್ನು ಸಿಗರೇಟಿನ ಚಡಪಡಿಕೆ ಎಂದುಕೊಂಡು ಮತ್ತೆ ಪ್ಯಾಕ್ ತರುತ್ತೇವೆ. ಮೊದಲ ಕೆಲವು ವಾರ ಕಾಫಿಯನ್ನು ಅರ್ಧಕ್ಕೆ ಇಳಿಸಿ ನೋಡಿ. ನನಗೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದೆ.

ಹೆಜ್ಜೆ 2: ಸಾಧನ ಸರಳವಾಗಿರಲಿ

ಒಂದು ಸಲ ಬಳಸಿ ಎಸೆಯುವ ವೇಪ್‌ಗಳ ಮಾರಾಟ 2025ರ ಜೂನ್ 1ರಿಂದ ಇಡೀ ಬ್ರಿಟನ್ನಿನಲ್ಲಿ ನಿಷೇಧ. ಈಗ ಯಾರಾದರೂ ಕೌಂಟರ್ ಕೆಳಗಿಂದ ತೆಗೆದು ಕೊಟ್ಟರೆ ಅದು ಕಳ್ಳಮಾಲು. ಅದರೊಳಗೆ ಏನಿದೆ ಎಂದು ದೇವರಿಗೇ ಗೊತ್ತು. ಅಂಥ ಅಂಗಡಿಗೆ ಹೋಗಲೇಬೇಡಿ.

ಉಳಿದದ್ದು ಎರಡು ಬಗೆ. ಒಂದು, ಲಿಕ್ವಿಡ್ ತುಂಬಿದ ಪಾಡ್ (ಸಾಧನಕ್ಕೆ ಸಿಕ್ಕಿಸುವ ಚಿಕ್ಕ ಡಬ್ಬಿ) ಹಾಕುವುದು. ಖಾಲಿಯಾದರೆ ಇಡೀ ಪಾಡ್ ಎಸೆದು ಹೊಸದು ಹಾಕಬೇಕು. ಇನ್ನೊಂದು, ಪಾಡ್‌ಗೆ ನಾವೇ ಬಾಟಲಿಯಿಂದ ತುಂಬಿಸಿಕೊಳ್ಳುವುದು. ಎರಡನೆಯದನ್ನೇ ತಗೊಳ್ಳಿ. ಲೆಕ್ಕ ನೋಡಿ: 2 ಮಿ.ಲೀ. ತುಂಬಿದ ಪಾಡ್ ಒಂದಕ್ಕೆ 3 ಪೌಂಡ್ ಎಂದರೆ 10 ಮಿ.ಲೀ.ಗೆ 15 ಪೌಂಡ್ ಆಯಿತು. ಅದೇ 10 ಮಿ.ಲೀ. ಬಾಟಲಿ 3ರಿಂದ 4 ಪೌಂಡ್‌ಗೆ ಸಿಗುತ್ತದೆ. ಒಳಗಿರುವುದು ಅದೇ ಬಗೆಯ ಲಿಕ್ವಿಡ್.

15–20 ಪೌಂಡಿನ ಚಿಕ್ಕ ಪಾಡ್ ಕಿಟ್ ಸಾಕು. ಬಾಯಿಗೆ ಎಳೆದುಕೊಂಡು ಆಮೇಲೆ ಒಳಗೆ ಬಿಡುವ ಥರದ್ದು ಕೇಳಿ, ಸಿಗರೇಟು ಎಳೆದ ಹಾಗೇ ಇರುತ್ತದೆ. ಪಾಡ್ ಒಳಗೆ ಲಿಕ್ವಿಡ್ ಕಾಯಿಸುವ ತಂತಿಗೆ ಕಾಯಿಲ್ ಎನ್ನುತ್ತಾರೆ, ಅದರ ವಿದ್ಯುತ್ ರೋಧ 0.8 ಓಮ್‌ನಿಂದ 1.2 ಓಮ್ ಒಳಗೆ ಇರಲಿ. ಮೋಡದಂತೆ ಆವಿ ಬಿಡುವ ದೊಡ್ಡ ಸಾಧನಗಳು ಲಿಕ್ವಿಡ್ಡನ್ನು ನೀರಿನ ಹಾಗೆ ಕುಡಿಯುತ್ತವೆ. ನಾನು 60 ಪೌಂಡ್ ಕೊಟ್ಟು ಅಂಥದ್ದೊಂದು ತಂದಿದ್ದೆ. ಹದಿನೈದು ದಿನಕ್ಕೆ ಅದು ಡ್ರಾಯರ್ ಸೇರಿತು.

ಕೊಳ್ಳುವ ಮೊದಲು ಅದರ ಬಿಡಿ ಪಾಡ್ ಎಲ್ಲಾ ಅಂಗಡಿಯಲ್ಲೂ ಸಿಗುತ್ತದಾ ಎಂದು ನೋಡಿ. ಕಿಟ್ ಅಗ್ಗ, ಪಾಡ್ ಮಾತ್ರ ಎಲ್ಲೂ ಇಲ್ಲ ಎಂದರೆ ಆ ಕಿಟ್ ದಂಡವೇ.

ಹೆಜ್ಜೆ 3: ನಿಕೋಟಿನ್‌ನಲ್ಲಿ ಜಿಪುಣತನ ಬೇಡ

ನನ್ನ ಪ್ರಕಾರ ಈ ಇಡೀ ವಿಷಯದ ಗುಟ್ಟು ಇಲ್ಲಿದೆ. ಒಂದು ಮಿ.ಲೀ. ಲಿಕ್ವಿಡ್‌ನಲ್ಲಿ ಎಷ್ಟು ಮಿಲಿಗ್ರಾಂ ನಿಕೋಟಿನ್ ಇದೆ ಎಂಬುದೇ ಅದರ ಅಳತೆ. ಹೊಸದಾಗಿ ಬಂದವರು ಭಯದಿಂದ ಕಡಿಮೆ ನಿಕೋಟಿನ್ ತಗೊಳ್ಳುತ್ತಾರೆ. ಮಂಡ್ಯ ಕಡೆಯ ಒಬ್ಬ ಹುಡುಗ ನಮ್ಮ ಬೀದಿಯಲ್ಲೇ ಇದ್ದಾನೆ, ದಿನಕ್ಕೆ ಒಂದು ಪ್ಯಾಕ್ ಸೇದುತ್ತಿದ್ದ.

"ಅಣ್ಣಾ, ಇದರಲ್ಲಿ ಏನೂ ಇಲ್ಲ. ಸುಮ್ನೆ ಹಬೆ ಎಳೆದ ಹಾಗಿದೆ" ಎಂದ.

"ಎಷ್ಟು ಮಿಲಿಗ್ರಾಂ ತಗೊಂಡೆ?"

"ಮೂರು. ಶುರುವಿಗೆ ಕಡಿಮೆ ಇರಲಿ ಅಂತ."

ಇಪ್ಪತ್ತು ಸಿಗರೇಟಿಗೆ ಪಳಗಿದ ಮೈಗೆ ಆ ಸಾಧನದಲ್ಲಿ 3 ಮಿ.ಗ್ರಾಂ ಎಲ್ಲಿ ಸಾಲುತ್ತದೆ? ಅವನು ದಿನವೆಲ್ಲಾ ವೇಪ್ ಎಳೆಯುತ್ತಿದ್ದ, ಸಂಜೆ ತಡೆಯಲಾರದೆ ಸಿಗರೇಟೂ ಸೇದುತ್ತಿದ್ದ. ಎರಡು ಕಡೆ ಖರ್ಚು, ಒಂದು ಕಡೆಯೂ ಲಾಭವಿಲ್ಲ.

ಇಲ್ಲಿ ಕಾನೂನಿನ ಪ್ರಕಾರ ಒಂದು ಮಿ.ಲೀ.ಗೆ 20 ಮಿ.ಗ್ರಾಂಗಿಂತ ಜಾಸ್ತಿ ನಿಕೋಟಿನ್ ಇರುವ ಹಾಗಿಲ್ಲ. ನಿಕೋಟಿನ್ ಇರುವ ಬಾಟಲಿ 10 ಮಿ.ಲೀ. ಮೀರುವ ಹಾಗಿಲ್ಲ. ದಿನಕ್ಕೆ ಹದಿನೈದು ಇಪ್ಪತ್ತು ಸೇದುವವರು 18 ಅಥವಾ 20ರಿಂದ ಶುರು ಮಾಡಿ. ಹತ್ತರ ಆಸುಪಾಸು ಇದ್ದರೆ 10–12 ಸಾಕಾಗಬಹುದು. ತಲೆ ಸುತ್ತಿದರೆ, ವಾಕರಿಕೆ ಬಂದರೆ ಜಾಸ್ತಿಯಾಗಿದೆ ಎಂದು ಅರ್ಥ. ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ, ಬೇಕಿದ್ದರೆ ಒಂದು ಮೆಟ್ಟಿಲು ಇಳಿಯಿರಿ.

ನಿಕ್ ಸಾಲ್ಟ್ (ಲವಣ ರೂಪದ ನಿಕೋಟಿನ್) ಎಂದು ಬರೆದಿರುವ ಲಿಕ್ವಿಡ್ ಗಂಟಲಿಗೆ ಮೆತ್ತಗಿರುತ್ತದೆ. 18–20 ಮಿ.ಗ್ರಾಂಗೆ ಅದೇ ಒಳ್ಳೆಯದು. ಇನ್ನೊಂದು ಬಗೆ ಫ್ರೀಬೇಸ್, ಅಂದರೆ ಲವಣ ರೂಪದಲ್ಲಿಲ್ಲದ ನಿಕೋಟಿನ್. ಅದು ಗಂಟಲಿಗೆ ಹೊಡೆಯುತ್ತದೆ. ಸಿಗರೇಟಿನ ಆ ಹೊಡೆತವೇ ಬೇಕು ಎನ್ನುವವರಿಗೆ ಅದು ಹಿಡಿಸುತ್ತದೆ.

2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಇಲ್ಲಿನ ಸರ್ಕಾರಿ ಸೇವೆಗೆ ಬಂದ 886 ಸೇದುಗರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಮೈಗೆ ಅಂಟಿಸುವ ನಿಕೋಟಿನ್ ಪ್ಯಾಚ್, ನಿಕೋಟಿನ್ ಗಮ್ ಇಂಥವು. ಇನ್ನೊಂದಕ್ಕೆ ನಾವೇ ತುಂಬಿಸಿಕೊಳ್ಳುವ ವೇಪ್ ಮತ್ತು 18 ಮಿ.ಗ್ರಾಂ ಲಿಕ್ವಿಡ್. ಒಂದು ವರ್ಷದ ನಂತರ ಸಿಗರೇಟು ಬಿಟ್ಟಿದ್ದವರು ಮೊದಲ ಗುಂಪಿನಲ್ಲಿ ಶೇ. 9.9, ವೇಪ್ ಗುಂಪಿನಲ್ಲಿ ಶೇ. 18. ಅಲ್ಲಿ ಕೊಟ್ಟ ನಿಕೋಟಿನ್ ಎಷ್ಟು ನೋಡಿ, 18. ಮೂರಲ್ಲ. ಆ ಹುಡುಗ 20ಕ್ಕೆ ಏರಿದ ಮೇಲೆ ಎರಡೇ ವಾರದಲ್ಲಿ ಪ್ಯಾಕ್ ತರುವುದು ನಿಂತಿತು.

ಹೆಜ್ಜೆ 4: ಎಳೆಯುವ ರೀತಿ ಬದಲಿಸಿ, ದಿನ ಗೊತ್ತು ಮಾಡಿ

ಸಿಗರೇಟನ್ನು ನಾವು ಚಿಕ್ಕದಾಗಿ, ಜೋರಾಗಿ ಎಳೆಯುತ್ತೇವೆ. ವೇಪನ್ನು ಹಾಗೆ ಎಳೆದರೆ ಕೆಮ್ಮು ಬರುತ್ತದೆ, ಬಾಯಿಗೆ ಲಿಕ್ವಿಡ್ ಬರುತ್ತದೆ. ಮೆಲ್ಲಗೆ, ಮೂರು ನಾಲ್ಕು ಸೆಕೆಂಡ್ ಎಳೆಯಿರಿ. ಮೊದಲ ವಾರ ಗಂಟಲು ಒಣಗುವುದು ಮಾಮೂಲಿ, ನೀರು ಜಾಸ್ತಿ ಕುಡಿಯಿರಿ.

ಒಂದು ದಿನ ಗೊತ್ತು ಮಾಡಿಕೊಂಡು ಆವತ್ತಿನಿಂದ ಸಿಗರೇಟು ಪೂರ್ತಿ ನಿಲ್ಲಿಸುವುದು ಒಳ್ಳೆಯದು. ಕೆಲವರಿಗೆ ಆಗುವುದಿಲ್ಲ, ಎರಡು ಮೂರು ವಾರ ಎರಡೂ ನಡೆಯುತ್ತವೆ. ಪರವಾಗಿಲ್ಲ. ಆದರೆ ಅದೇ ಅಭ್ಯಾಸವಾಗಬಾರದು. ದಿನಕ್ಕೆ ಮೂರು ನಾಲ್ಕು ಸಿಗರೇಟು ಉಳಿಸಿಕೊಂಡರೂ ಹೃದಯದ ಅಪಾಯ ಅದಕ್ಕೆ ತಕ್ಕಷ್ಟು ಇಳಿಯುವುದಿಲ್ಲ. ದುಡ್ಡೂ ಅಷ್ಟೇ. ಇಲ್ಲಿ ನಾಲ್ಕು ಸಿಗರೇಟು ಎಂದರೆ 3 ಪೌಂಡ್, ಅಂದರೆ ಒಂದು ಬಾಟಲಿ ಲಿಕ್ವಿಡ್‌ನ ಹತ್ತಿರ ಬಂತು. ನನ್ನ ಕೊನೆಯ ಮೂರು ಸಿಗರೇಟು ಬಿಡುವುದು ಮೊದಲ ಹನ್ನೆರಡಕ್ಕಿಂತ ಕಷ್ಟವಾಯಿತು. ಊಟದ ಮೇಲಿನದ್ದು ಒಂದು, ಆಫೀಸಿನಿಂದ ಹೊರಬಂದಾಗ ಒಂದು, ಊರಿಗೆ ಫೋನ್ ಮಾಡುವಾಗ ಒಂದು. ಆ ಮೂರು ಹೊತ್ತಿಗೆ ವೇಪ್ ಚಾರ್ಜ್ ಆಗಿ, ತುಂಬಿ, ಕೈಗೆ ಸಿಗುವಂತೆ ಇಟ್ಟುಕೊಂಡೆ. ಹಾಗೆ ದಾಟಿದೆ.

ಹೆಜ್ಜೆ 5: ಕಾಯಿಲ್ ಉಳಿಸಿದರೆ ದುಡ್ಡು ಉಳಿಯುತ್ತದೆ

ಹೊಸ ಪಾಡ್ ತುಂಬಿಸಿದ ತಕ್ಷಣ ಎಳೆಯಬೇಡಿ. ಹತ್ತು ನಿಮಿಷ ಹಾಗೇ ಬಿಡಿ. ಒಳಗಿನ ಹತ್ತಿ ಪೂರ್ತಿ ನೆನೆಯಬೇಕು. ಒಣ ಹತ್ತಿಗೆ ಬಿಸಿ ತಗುಲಿದರೆ ಸುಟ್ಟುಹೋಗುತ್ತದೆ. ಆಮೇಲೆ ಏನು ಮಾಡಿದರೂ ಆ ಸುಟ್ಟ ರುಚಿ ಹೋಗುವುದಿಲ್ಲ, ಎಸೆಯಲೇಬೇಕು. ನಾನು ಮೊದಲ ವಾರದಲ್ಲೇ ಎರಡು ಪಾಡ್ ಹೀಗೆ ಹಾಳು ಮಾಡಿದೆ.

ಲಿಕ್ವಿಡ್ ಪೂರ್ತಿ ಖಾಲಿಯಾಗಲು ಬಿಡಬೇಡಿ. ಕಾಲು ಭಾಗ ಇರುವಾಗಲೇ ತುಂಬಿಸಿ. ಒಂದರ ಹಿಂದೆ ಒಂದು ಹತ್ತು ಸಲ ಎಳೆಯಬೇಡಿ, ಹತ್ತಿ ನೆನೆಯಲು ಅರ್ಧ ನಿಮಿಷ ಕೊಡಿ. ತುಂಬಾ ಸಿಹಿ ಇರುವ ಲಿಕ್ವಿಡ್ ಕಾಯಿಲ್ ಮೇಲೆ ಕಪ್ಪಗೆ ಕಟ್ಟಿಕೊಳ್ಳುತ್ತದೆ, ಬೆಲ್ಲದ ಪಾಕ ತಳ ಹಿಡಿದ ಹಾಗೆ. ಮಿಂಟ್, ತಂಬಾಕು ರುಚಿಯವು ಅಷ್ಟು ಕಟ್ಟುವುದಿಲ್ಲ. ಮಿಂಟ್‌ಗೆ ಬದಲಾದ ಮೇಲೆ ನನಗೆ ಒಂದು ಪಾಡ್ ಐದು ದಿನದ ಬದಲು ಹತ್ತು ದಿನ ಬಂತು.

ಚಿಕ್ಕ ಪಾಡ್‌ಗಳಿಗೆ ಬಾಟಲಿ ಮೇಲೆ 50/50 ಎಂದಿರುವ, ಅಂದರೆ ತೆಳು ದ್ರವ ಮತ್ತು ಗಟ್ಟಿ ದ್ರವ ಸಮ ಸಮ ಬೆರೆತಿರುವ ಲಿಕ್ವಿಡ್ ಹಾಕಿ. ಅದು ತೆಳ್ಳಗಿರುತ್ತದೆ. ಗಟ್ಟಿ ಲಿಕ್ವಿಡ್ ಹತ್ತಿಗೆ ಇಳಿಯುವುದಿಲ್ಲ.

ಹೆಜ್ಜೆ 6: ಲಿಕ್ವಿಡ್ ಕೊಳ್ಳುವ ಜಾಣತನ

ರುಚಿ ಯಾವುದು ಹಿಡಿಸುತ್ತದೆ ಎಂದು ಗೊತ್ತಾಗುವವರೆಗೆ ಒಂದೊಂದೇ ಬಾಟಲಿ ಕೊಳ್ಳಿ. ಗೊತ್ತಾದ ಮೇಲೆ ಐದು ಹತ್ತು ಒಟ್ಟಿಗೆ ಕೊಂಡರೆ ಬೆಲೆ ಇಳಿಯುತ್ತದೆ. ಪೆಟ್ರೋಲ್ ಬಂಕಿನಲ್ಲಿ, ಸ್ಟೇಷನ್ನಿನಲ್ಲಿ ಕೊಳ್ಳಬೇಡಿ, ಅಲ್ಲಿ ಬೆಲೆ ಜಾಸ್ತಿ. ಬ್ಯಾಗಿನಲ್ಲಿ ಸದಾ ಒಂದು ಬಾಟಲಿ ಇದ್ದರೆ ಆ ಪರದಾಟವೇ ಇಲ್ಲ.

ಶಾರ್ಟ್‌ಫಿಲ್ ಎಂಬ ದೊಡ್ಡ ಬಾಟಲಿಗಳೂ ಇವೆ. ಅದರಲ್ಲಿ ನಿಕೋಟಿನ್ ಇಲ್ಲದ 50 ಮಿ.ಲೀ. ಲಿಕ್ವಿಡ್ ಇರುತ್ತದೆ. 18 ಮಿ.ಗ್ರಾಂನ 10 ಮಿ.ಲೀ. ನಿಕ್ ಶಾಟ್ (ಬೆರೆಸಲೆಂದೇ ಮಾರುವ ನಿಕೋಟಿನ್ ಬಾಟಲಿ) ಬೆರೆಸಿದರೆ 60 ಮಿ.ಲೀ. ಆಗುತ್ತದೆ. ನೋಡಲು ಬಹಳ ಅಗ್ಗ. ಆದರೆ ಬೆರೆಸಿದ ಮೇಲೆ ನಿಕೋಟಿನ್ ಬರೀ 3 ಮಿ.ಗ್ರಾಂ. ಹೊಸಬರಿಗೆ ಇದು ಆಗುವುದಿಲ್ಲ. ನಿಕೋಟಿನ್ ಕಮ್ಮಿ ಇದ್ದರೆ ಮೈ ಜಾಸ್ತಿ ಎಳೆಸುತ್ತದೆ. ಅಂದರೆ ಜಾಸ್ತಿ ಲಿಕ್ವಿಡ್, ಜಾಸ್ತಿ ಕಾಯಿಲ್.

ಹೊಸ ತೆರಿಗೆಯ ಲೆಕ್ಕವೂ ಇಲ್ಲೇ ಸೇರುತ್ತದೆ. 2026ರ ಅಕ್ಟೋಬರ್ 1ರಿಂದ ಪ್ರತಿ 10 ಮಿ.ಲೀ. ಲಿಕ್ವಿಡ್‌ಗೆ 2.20 ಪೌಂಡ್ ಸುಂಕ ಎಂದು ಸರ್ಕಾರ ಗೊತ್ತುಮಾಡಿದೆ. ಅದರ ಮೇಲೆ ವ್ಯಾಟ್ ಸೇರಿದರೆ 2.64. ನಿಕೋಟಿನ್ ಇರಲಿ, ಇಲ್ಲದಿರಲಿ, ಸುಂಕ ಒಂದೇ. ಅದು ಮಿಲಿಗ್ರಾಂ ನೋಡುವುದಿಲ್ಲ, ಮಿಲಿಲೀಟರ್ ನೋಡುತ್ತದೆ. 50 ಮಿ.ಲೀ. ಶಾರ್ಟ್‌ಫಿಲ್ ಒಂದರ ಮೇಲೆ ವ್ಯಾಟ್ ಸೇರಿ 13.20 ಪೌಂಡ್ ಏರುತ್ತದೆ. ಹಾಗಾಗಿ ದಿನಕ್ಕೆ 2 ಮಿ.ಲೀ. ಒಳಗೆ ತೃಪ್ತಿಯಾಗುವ ನಿಕೋಟಿನ್ ಮಟ್ಟ ಹುಡುಕಿಕೊಳ್ಳುವುದೇ ಇನ್ನು ಮುಂದೆ ದೊಡ್ಡ ಉಳಿತಾಯ.

ನನ್ನ ತಿಂಗಳ ಲೆಕ್ಕ ಹೇಳುತ್ತೇನೆ. ಲಿಕ್ವಿಡ್ ಆರು ಬಾಟಲಿ, 21 ಪೌಂಡ್. ಪಾಡ್ ಮೂರು, 9 ಪೌಂಡ್. ಒಟ್ಟು 30. ಹೊಸ ಸುಂಕ ಸೇರಿದರೆ 46ರ ಹತ್ತಿರ. 340 ಎಲ್ಲಿ, ಇದೆಲ್ಲಿ? ಮೊದಲ ತಿಂಗಳು ಮಾತ್ರ ಕಿಟ್ಟು, ರುಚಿ ನೋಡಿದ್ದು, ಸುಟ್ಟ ಪಾಡ್ ಎಲ್ಲಾ ಸೇರಿ ನೂರು ದಾಟಿತ್ತು. ಆ ತಿಂಗಳ ಖರ್ಚಿಗೆ ಹೆದರಿ ಹಿಂದೆ ಹೋಗಬೇಡಿ.

ಒಟ್ಟಿಗೆ ಕೊಂಡದ್ದನ್ನು ತಂಪಾದ, ಕತ್ತಲೆಯ ಜಾಗದಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಿ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಕೋಟಿನ್ ಲಿಕ್ವಿಡ್ ಮಕ್ಕಳಿಗೆ ವಿಷ. ಹಣ್ಣಿನ ವಾಸನೆ, ಬಣ್ಣದ ಬಾಟಲಿ, ಮಗು ಬಾಯಿಗೆ ಇಟ್ಟುಕೊಳ್ಳಲು ಎಷ್ಟು ಹೊತ್ತು? ನಮ್ಮ ಮನೆಯಲ್ಲಿ ಅದು ಔಷಧಿ ಡಬ್ಬಿಯ ಜೊತೆ ಅಟ್ಟದ ಮೇಲಿದೆ.

ಬ್ಯಾಟರಿಯ ಬಗ್ಗೆ ಚಿಕ್ಕ ಮಾತು. ಜೊತೆಗೆ ಬಂದ ಕೇಬಲ್ಲಿನಲ್ಲೇ ಚಾರ್ಜ್ ಮಾಡಿ, ಮಲಗುವಾಗ ಹಾಕಿ ಬಿಡಬೇಡಿ. ಹಳೆಯದನ್ನು ಕಸದ ಬುಟ್ಟಿಗೆ ಹಾಕಬೇಡಿ, ವೇಪ್ ಮಾರುವ ಅಂಗಡಿಯವರು ಅದನ್ನು ವಾಪಸ್ ತೆಗೆದುಕೊಳ್ಳಬೇಕು.

ಹೆಜ್ಜೆ 7: ವೇಪ್ ಕೂಡ ಇಳಿಸುವುದು

ಮೇಲೆ ಹೇಳಿದ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ವೇಪ್ ಹಿಡಿದು ಸಿಗರೇಟು ಬಿಟ್ಟವರಲ್ಲಿ ಶೇ. 80ರಷ್ಟು ಮಂದಿ ವರ್ಷದ ನಂತರವೂ ವೇಪ್ ಎಳೆಯುತ್ತಲೇ ಇದ್ದರು. ಇದನ್ನು ಮುಚ್ಚಿಡಬಾರದು.

ಆದರೆ ಅವಸರವೂ ಬೇಡ. ಸಿಗರೇಟಿನ ನೆನಪೇ ಬಾರದಷ್ಟು ದಿನ ಕಳೆಯಲಿ, ಕನಿಷ್ಠ ಮೂರು ನಾಲ್ಕು ತಿಂಗಳು. ಆಮೇಲೆ ಮೊದಲು ಹೊತ್ತು ದೂರ ಮಾಡಿ. ಬೆಳಿಗ್ಗೆ ಎದ್ದು ಒಂದು ಗಂಟೆಯವರೆಗೆ ಇಲ್ಲ, ಆಮೇಲೆ ಎರಡು ಗಂಟೆ. ಕಾರಿನಲ್ಲಿ ಇಲ್ಲ, ಮಲಗುವ ಕೋಣೆಯಲ್ಲಿ ಇಲ್ಲ. ಲಿಕ್ವಿಡ್ ಖರ್ಚು ಜಾಸ್ತಿಯಾಗದೆ ಇದು ನಡೆದರೆ ಆಗ 20ರಿಂದ 10ಕ್ಕೆ ಇಳಿಯಿರಿ. ಇಳಿದ ಮೇಲೆ ಬಾಟಲಿ ಬೇಗ ಖಾಲಿಯಾಗುತ್ತಿದ್ದರೆ ಬೇಗ ಇಳಿದಿರಿ ಎಂದರ್ಥ, ಮತ್ತೆ ಮೇಲೆ ಹೋಗಿ. ಸಿಗರೇಟಿಗೆ ವಾಪಸ್ ಹೋಗುವುದಕ್ಕಿಂತ ವೇಪ್ ಇನ್ನೊಂದಿಷ್ಟು ದಿನ ಇರುವುದೇ ಮೇಲು. ನಾನು ಈಗ 10ರಲ್ಲಿದ್ದೇನೆ.

ಊರಿಗೆ ಹೋಗುವಾಗ

ಇದನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ನಮ್ಮವರು ಬಹಳ ಜನ ಜಾರುವುದು ಇಲ್ಲೇ. ವೇಪನ್ನು ಭಾರತಕ್ಕೆ ಒಯ್ಯುವ ಹಾಗಿಲ್ಲ. "ಒಂದು ತಾನೇ, ಯಾರು ನೋಡ್ತಾರೆ" ಎಂದು ಬ್ಯಾಗಿಗೆ ಹಾಕಬೇಡಿ. ಹಾಗೆಂದು ಬರಿಗೈಯಲ್ಲಿ ಹೋದರೆ, ಮನೆ ಹತ್ತಿರದ ಟೀ ಅಂಗಡಿಯಲ್ಲಿ ಹಳೆಯ ಗೆಳೆಯರು ಸಿಗರೇಟು ಚಾಚಿದಾಗ ತಡೆಯುವುದು ಕಷ್ಟ, ಅಲ್ವಾ?

ಹೊರಡುವ ಎರಡು ವಾರ ಮೊದಲು ಇಲ್ಲಿನ ಫಾರ್ಮಸಿಯಲ್ಲಿ ನಿಕೋಟಿನ್ ಪ್ಯಾಚ್ ಮತ್ತು ಗಮ್ ಕೇಳಿ. ವೇಲ್ಸ್, ಸ್ಕಾಟ್ಲೆಂಡ್‌ನಲ್ಲಿ ಪ್ರಿಸ್ಕ್ರಿಪ್ಷನ್‌ಗೆ ದುಡ್ಡಿಲ್ಲ. ಇಂಗ್ಲೆಂಡ್‌ನಲ್ಲೂ ಸಿಗರೇಟು ಬಿಡಿಸುವ ಸೇವೆಯ ಮೂಲಕ ಕೇಳಿದರೆ ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಕಡಿಮೆಗೆ ಸಿಗಬಹುದು. ಹೊರಡುವ ಮೊದಲೇ ಎರಡು ದಿನ ಬರೀ ಅದರ ಮೇಲೆ ಇದ್ದು ನೋಡಿ. ಗಮ್ಮನ್ನು ಚ್ಯೂಯಿಂಗ್ ಗಮ್ ಥರ ಜಗಿಯಬೇಡಿ. ನಾಲ್ಕು ಸಲ ಜಗಿದು, ಖಾರ ಬಂದ ತಕ್ಷಣ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಿ, ಅಡಿಕೆ ಇಟ್ಟುಕೊಂಡ ಹಾಗೆ. ನಡುವೆ ಮುಗಿದುಹೋದರೆ ಊರಿನ ಮೆಡಿಕಲ್ ಸ್ಟೋರ್‌ನಲ್ಲಿ 2 ಮಿ.ಗ್ರಾಂ ಗಮ್ ಚೀಟಿ ಇಲ್ಲದೆ ಸಿಗುತ್ತದೆ.

ಕಳೆದ ಸಲ ನಾನು ಹಾಸನದಲ್ಲಿ ನಾಲ್ಕು ವಾರ ಇದ್ದೆ. ತೋಳಿಗೆ ಪ್ಯಾಚ್, ಜೇಬಿನಲ್ಲಿ ಗಮ್. ಅಮ್ಮ ಪ್ಯಾಚ್ ನೋಡಿ ಗಾಯವಾಗಿದೆಯಾ ಎಂದು ಕೇಳಿದರು. ಏನೆಂದು ಹೇಳಿದೆ. ಮಾರನೇ ದಿನದಿಂದ ಬೆಳಿಗ್ಗೆ ಕಾಫಿ ಕೊಡುವಾಗ "ಪ್ಯಾಚ್ ಹಾಕಿಕೊಂಡ್ಯಾ?" ಎಂದು ಅವರೇ ಕೇಳುತ್ತಿದ್ದರು. ನಾಲ್ಕು ವಾರದಲ್ಲಿ ಒಂದು ಸಿಗರೇಟೂ ಸೇದಲಿಲ್ಲ.